ಹತ್ತನೆಯ ಸೂಚಕಿ

ಪಕ್ಷದ ಅಭ್ಯರ್ಥಿಗಳ ಕೊನೆಯ ಪಟ್ಟಿಯಲ್ಲಿ ಮಂತ್ರಿಯಮ್ಮನ ಹೆಸರಿರಲಿಲ್ಲ. ನಾಮಪತ್ರ ಸಲ್ಲಿಸಲು ಆವತ್ತು ಬಿಟ್ಟರೆ ಇನ್ನೊಂದೇ ದಿನ ಉಳಿದಿತ್ತು. ಬೆಳಿಗ್ಗೆ ಹತ್ತೂವರೆಗೆ ಟಿವಿಯಲ್ಲಿ ಪಟ್ಟಿ ಓದಿದರು. ಹತ್ತೂಮುಕ್ಕಾಲಿಗೆ ಅವರಿಂದ ನನಗೆ ಫೋನು ಬಂತು.

"ಶಿರಸ್ತೇದಾರ್ರೇ, ಮನೇಲಿದ್ದೀರಾ? ಒಸಿ ಗುತ್ತಲಿಗೆ ಬಂದೋಗಿ."

ಅಷ್ಟೇ ಹೇಳಿ ಇಟ್ಟರು. ನಾನು ನಿವೃತ್ತನಾಗಿ ನಾಲ್ಕು ವರ್ಷವಾಗಿತ್ತು. ತಾಲ್ಲೂಕು ಕಚೇರಿಯಲ್ಲಿದ್ದಷ್ಟು ಕಾಲ, ಚುನಾವಣೆ ಬಂದಾಗಲೆಲ್ಲ ನಾಮಪತ್ರ ಪರೀಕ್ಷಿಸುವ ಮೇಜಿನ ಹಿಂದೆ ಕೂತವನು. ಯಾವ ಕಾಗದ ಎಲ್ಲಿ ಮುಗ್ಗರಿಸುತ್ತದೆ ಎನ್ನುವುದು ಇವನಿಗೆ ಗೊತ್ತು ಎಂದು ಊರಿನಲ್ಲಿ ನನಗೊಂದು ಹೆಸರಿತ್ತು. ಆ ಹೆಸರನ್ನು ನಾನೂ ಸ್ವಲ್ಪ ನಂಬಿದ್ದೆ.

ಜನ ಅವರನ್ನು ಕರೆಯುತ್ತಿದ್ದುದು ಮಂತ್ರಿಯಮ್ಮ ಎಂದು. ಅಧಿಕಾರ ಹೋಗಿ ಎಷ್ಟೋ ಕಾಲವಾಗಿದ್ದರೂ ಆ ಹೆಸರು ಹೋಗಿರಲಿಲ್ಲ. ನಮ್ಮ ಕಡೆಯಿಂದ ಹೋಗಿ ರಾಜ್ಯ ಸರ್ಕಾರದಲ್ಲಿ ಮಂತ್ರಿಯಾದ ಮೊದಲ ಹೆಂಗಸು. ಮಂತ್ರಿಯಾದ ಹೊಸದರಲ್ಲಿ ಜನ ಅರ್ಜಿಗಳನ್ನು ತಂದು ಪಕ್ಕದಲ್ಲಿದ್ದ ಅವರ ಗಂಡನ ಕೈಗೆ ಕೊಡುತ್ತಿದ್ದರಂತೆ. ಒಂದು ವಾರ ನೋಡಿ, ಗಂಡನಿಗೆ "ನೀವು ಒಳಗೆ ಕಾಫಿ ಕುಡೀತಾ ಇರಿ" ಎಂದು ಹೇಳಿ, ವರಾಂಡದಲ್ಲಿ ಒಂದೇ ಒಂದು ಕುರ್ಚಿ ಹಾಕಿಸಿಕೊಂಡು ಕೂತರಂತೆ. ಆಮೇಲೆ ಅರ್ಜಿ ಕೊಡಲು ಬೇರೆ ಕೈ ಇರಲಿಲ್ಲ. ಆ ಗಂಡ ಈಗ ಇಲ್ಲ.

ನಾನು ಮಂಡ್ಯದ ಗುತ್ತಲಿನಲ್ಲಿದ್ದ ಅವರ ಮನೆಗೆ ಹೋದಾಗ ಇಬ್ಬರೇ ಇದ್ದರು. ಅವರು, ಮತ್ತು ಸ್ಕೂಲು ಮೇಡಂ ಆಗಿ ನಿವೃತ್ತರಾಗಿದ್ದ ಅವರ ನಾದಿನಿ. ಮೇಜಿನ ಮೇಲೆ ಎರಡು ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿದ್ದವು. ಯಾರೂ ಎತ್ತುತ್ತಿರಲಿಲ್ಲ.

"ನಿಗಮಕ್ಕೆ ಅಧ್ಯಕ್ಷೆ ಮಾಡ್ತೀವಿ, ಸುಮ್ಕಿರಿ ಅಂತಾವ್ರೆ," ಎಂದರು ಮಂತ್ರಿಯಮ್ಮ. "ಎಂಗಸು ಅಂತ ಟಿಕೀಟು ಕೊಟ್ರು, ಎಂಗಸು ಅಂತ ತಗುದ್ರು. ಒಂದ್ಸತಿ ಜನಾನೇ ಕೇಳ್ನೋಡ್ತೀನಿ. ಪಕ್ಷೇತರಳಾಗಿ ನಿಂತ್ಕೋತೀನಿ. ಕಾಗದ ನಿಮ್ಮದು."

"ಹತ್ತು ಜನ ಸೂಚಕರು ಬೇಕು," ಎಂದೆ.

"ಹತ್ತು ಜನ ಸಿಕ್ಕದೇ ಓದ್ರೆ ನಿಂತ್ಕೊಳ್ಳೋದೇ ಬ್ಯಾಡ ಬುಡಿ," ಎಂದು ನಕ್ಕರು. ಆ ನಗು ಸಂಜೆಯ ಹೊತ್ತಿಗೆ ಉಳಿಯಲಿಲ್ಲ.

ಮಾನ್ಯತೆ ಇರುವ ಪಕ್ಷದ ಅಭ್ಯರ್ಥಿಗೆ, ಹೆಸರು ಸೂಚಿಸಿ ಸಹಿ ಹಾಕುವ ಒಬ್ಬ ಸೂಚಕ ಸಾಕು. ಪಕ್ಷೇತರರಿಗೆ ಹತ್ತು. ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ಪ್ರತಿ ಹೆಸರಿನ ಎದುರು ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಸಹಿ. ಒಬ್ಬರದು ಬಿದ್ದರೂ ಒಂಬತ್ತಾಗುತ್ತದೆ. ಆ ಮೇಜಿನ ಮೇಲೆ ಒಂಬತ್ತು ಎಂದರೆ ಸೊನ್ನೆ.

ಮಂತ್ರಿಯಮ್ಮನ ಸ್ವಂತ ವೋಟು ಇದ್ದುದು ಮಂಡ್ಯದಲ್ಲಿ, ನಿಲ್ಲುವುದು ಮದ್ದೂರು ಕಡೆಯಿಂದ. ಹಾಗೆ ನಿಲ್ಲಬಹುದು. ಆದರೆ ಅವರ ಹೆಸರಿರುವ ಪುಟದ ದೃಢೀಕೃತ ನಕಲು ಬೇಕು. ಅದನ್ನು ಮಧ್ಯಾಹ್ನವೇ ಮಂಡ್ಯದ ಕಚೇರಿಯಿಂದ ಪಡೆದೆ. ಆಸ್ತಿ, ಸಾಲ, ಕೇಸುಗಳನ್ನು ಹೇಳುವ ಪ್ರಮಾಣಪತ್ರದ ನಮೂನೆಯನ್ನು ನಾನೇ ಕೂತು ತುಂಬಿಸಿದೆ. ಅದರಲ್ಲಿ ಒಂದು ಕಾಲಮ್ಮೂ ಖಾಲಿ ಬಿಡುವಂತಿಲ್ಲ. ಇಲ್ಲದ್ದಕ್ಕೆ 'ಇಲ್ಲ' ಎಂದೇ ಬರೆಯಬೇಕು, ಅಡ್ಡಗೆರೆ ಎಳೆದರೆ ತಕರಾರು. ಅಷ್ಟರಲ್ಲಿ ನಾದಿನಿ ಕಾರಿನಲ್ಲಿ ಮದ್ದೂರು ಕಡೆಯ ಹಳ್ಳಿಗಳಿಗೆ ಹೋಗಿ ಸಹಿ ಹಾಕಿಸುತ್ತಿದ್ದರು. ಹೆಸರುಗಳನ್ನು ಫೋನಿನಲ್ಲಿ ಹೇಳುವರು, ನಾನು ಹೊಸ ಪಟ್ಟಿಯಲ್ಲಿ ಹುಡುಕಿ ಸಂಖ್ಯೆ ಹೇಳುವೆ.

ಮೂರು ಗಂಟೆಯವರೆಗೆ ಎಲ್ಲ ಸರಾಗ. ಒಂದಲ್ಲ, ಎರಡು ನಾಮಪತ್ರಕ್ಕಾಗುವಷ್ಟು ಜನ ಒಪ್ಪಿದ್ದರು. ಆಮೇಲೆ ಸುದ್ದಿ ಹರಡಿತು. ಸಹಿ ಹಾಕಿದವರ ಹೆಸರು ನಾಳೆ ಕಚೇರಿಯ ಬೋರ್ಡಿನ ಮೇಲೆ ಬರುತ್ತದೆ, ಪಕ್ಷದವರು ಓದುತ್ತಾರೆ ಎನ್ನುವ ಸುದ್ದಿ. ಅದು ನಿಜವೇ ಆಗಿತ್ತು. ಜೈಕಾರ ಕೂಗುವುದು ಬೇರೆ, ಕಾಗದದ ಮೇಲೆ ಹೆಸರು ಬರೆಯುವುದು ಬೇರೆ. ಹಾಲಿನ ಡೇರಿಯ ಕಾರ್ಯದರ್ಶಿಯೊಬ್ಬರು ನನಗೇ ಫೋನು ಮಾಡಿದರು.

"ಸಾರ್, ನಂದು ಮಕ್ಕಳೊಂದಿಗ್ರ ಸಂಸಾರ. ದಯವಿಟ್ಟು ನನ್ನೆಸ್ರು ಬುಟ್ಬುಡಿ. ವೋಟು ಅಮ್ಮಾವ್ರಿಗೇ ಆಕ್ತೀನಿ, ಬೇಕಾರೆ ದೇವರ ಮುಂದೆ ಏಳ್ತೀನಿ. ಸಹಿ ಬ್ಯಾಡ."

ಸಂಜೆ ನಾದಿನಿ ತಂದ ಕಾಗದದಲ್ಲಿ ಸರಿಯಾಗಿ ಹತ್ತು ಜನ. ಎರಡನೆಯ ನಾಮಪತ್ರದ ಮಾತೇ ಇರಲಿಲ್ಲ. ಒಂದೊಂದೇ ಸಾಲಿನ ಮೇಲೆ ಸ್ಕೇಲು ಇಟ್ಟು ಪಟ್ಟಿಯೊಂದಿಗೆ ಹೋಲಿಸಿದೆ. ಹತ್ತನೆಯ ಸಾಲಿನಲ್ಲಿ ಸಹಿಯ ಜಾಗದಲ್ಲಿ ನೀಲಿ ಹೆಬ್ಬೆಟ್ಟಿತ್ತು.

"ಅದು ಕೊನೇ ಊರಲ್ಲಿ ಒಬ್ರು ಅಜ್ಜೀದು," ಎಂದರು ನಾದಿನಿ. "ಬೀದೀಲಿ ಒಬ್ರೂ ಮುಂದೆ ಬರ್ಲಿಲ್ಲ. ಆ ಅಜ್ಜಿ ಜಗುಲಿ ಮೇಲಿಂದ ಎಲ್ಲಾರ್ನೂ ಬೈದು, 'ಕೊಡಿಲ್ಲಿ' ಅಂತ ಕಿತ್ಕೊಂಡು ಒತ್ಬುಟ್ರು. ನಮ್ಮತ್ಗೆನೂ ಸೇರಿಸ್ಕೊಂಡೇ ಬೈದ್ರು ಅನ್ನಿ."

ನಾನೂ ನಕ್ಕೆ. ಭಾಗ ಸಂಖ್ಯೆ ಸರಿ, ಕ್ರಮ ಸಂಖ್ಯೆ ಸರಿ ಎಂದು ಎದುರಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಪರೀಕ್ಷಿಸುವ ಮೇಜಿನ ಹಿಂದೆ ಅಷ್ಟು ವರ್ಷ ಕೂತವನ ಕಣ್ಣು ಆ ಹೆಬ್ಬೆಟ್ಟಿನ ಮೇಲೆ ಹಾದು ಹೋಯಿತು, ನಿಲ್ಲಲಿಲ್ಲ.

ಮಾರನೆಯ ದಿನ ಒಂಬತ್ತಕ್ಕೆ ಮಂಡ್ಯದಲ್ಲಿ ನೋಟರಿಯ ಮುಂದೆ ಪ್ರಮಾಣಪತ್ರಕ್ಕೆ ಸಹಿಯಾಯಿತು. ಹನ್ನೊಂದಕ್ಕೆ ಮದ್ದೂರಿನ ತಾಲ್ಲೂಕು ಕಚೇರಿ ತಲುಪಿದೆವು. ನಾವು ಐದು ಜನ: ಮಂತ್ರಿಯಮ್ಮ, ನಾದಿನಿ, ಒಬ್ಬ ವಕೀಲರು, ಡ್ರೈವರು, ನಾನು. ಮಂತ್ರಿಯಮ್ಮನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ, ಆದರೆ ಅವರ ಕೈಯಲ್ಲಿದ್ದ ಕರವಸ್ತ್ರ ಮುದುಡಿ ಉಂಡೆಯಾಗಿದ್ದುದನ್ನು ನಾನು ನೋಡಿದ್ದೆ. ಜನ ಸೇರಿಸಬೇಡಿ, ಕಾಗದ ಒಳಗೆ ಹೋಗುವವರೆಗೆ ಗಲಾಟೆ ಬೇಡ ಎಂದು ನಾನೇ ಹೇಳಿದ್ದೆ. ಸೂಚಕರು ಖುದ್ದಾಗಿ ಬರಬೇಕಿಲ್ಲ, ಅವರವರ ಕೆಲಸಕ್ಕೆ ಹೋಗಿದ್ದರು.

ಒಳಗೆ ಮೊದಲ ಮೇಜಿನಲ್ಲಿ ಕಾಗದಗಳನ್ನು ಒಮ್ಮೆ ನೋಡಿ ಕೊರತೆ ಇದ್ದರೆ ಹೇಳುತ್ತಾರೆ. ಅಲ್ಲಿ ಕೂತಿದ್ದವರು ಹಿಂದೆ ನನ್ನ ಕೈಕೆಳಗೆ ಗುಮಾಸ್ತೆಯಾಗಿದ್ದ ಹೆಣ್ಣುಮಗಳು. ಪುಟ ತಿರುಗಿಸುತ್ತ ಹೋದವರು ಹತ್ತನೆಯ ಸಾಲಿಗೆ ಬಂದು ಬೆರಳಿಟ್ಟರು. ನನ್ನ ಮುಖ ನೋಡಿದರು. ತಗ್ಗಿದ ದನಿಯಲ್ಲಿ, "ಸಾರ್, ಈ ಹೆಬ್ಬೆಟ್ಟಿಗೆ ದೃಢೀಕರಣ ಇಲ್ವಲ್ಲ?" ಎಂದರು.

ನಾನು ಕಾಗದವನ್ನು ನನ್ನ ಕಡೆ ತಿರುಗಿಸಿಕೊಂಡೆ. ಸಹಿ ಬಾರದ ಸೂಚಕರು ಹೆಬ್ಬೆಟ್ಟು ಒತ್ತಬಹುದು. ಆದರೆ ಚುನಾವಣಾಧಿಕಾರಿಯ ಇಲ್ಲವೇ ಅದಕ್ಕೆಂದು ಅಧಿಕಾರ ಪಡೆದವರ ಎದುರಿಗೇ ಒತ್ತಬೇಕು, ಅವರು ಅದರ ಪಕ್ಕ ಬರೆದು ಸಹಿ ಮಾಡಬೇಕು. ಮನೆಯ ಜಗುಲಿಯ ಮೇಲೆ ಒತ್ತಿದ ಹೆಬ್ಬೆಟ್ಟು ಸಹಿಯಲ್ಲ, ಬರೀ ಮಸಿ. ಇದನ್ನು ನಾನು ಹೊಸದಾಗಿ ಸೇರಿದ ಎಷ್ಟೋ ಜನಕ್ಕೆ ಪಾಠ ಮಾಡಿದ್ದೆ. ಈಗ ಪಾಠ ಒಪ್ಪಿಸಿದ್ದು ನನ್ನ ಶಿಷ್ಯೆ.

ಹೊರಗೆ ಬಂದು ಮಂತ್ರಿಯಮ್ಮನಿಗೆ ಹೇಳಿದೆ. "ತಪ್ಪು ನಂದು. ನಿನ್ನೆ ಸಂಜೇನೆ ಕಾಣಬೇಕಾಗಿತ್ತು."

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಎಷ್ಟೊತ್ತು ಅದೆ?" ಎಂದರು.

"ಮೂರಕ್ಕೆ ಗೇಟು ಮುಚ್ಚುತ್ತೆ. ಈಗ ಹನ್ನೊಂದೂಮುಕ್ಕಾಲು."

ನಾದಿನಿ ಅಜ್ಜಿಯ ಊರಿಗೆ ಫೋನು ಮಾಡಿದರು. ಅಜ್ಜಿ ನಿನ್ನೆ ಸಂಜೆಯ ಬಸ್ಸಿಗೇ ಮಗಳ ಮನೆಗೆ ಹೋಗಿದ್ದಾರೆ, ಪೂರಿಗಾಲಿಗೆ ಎಂದು ಪಕ್ಕದ ಮನೆಯವರು ಹೇಳಿದರು. ಪೂರಿಗಾಲಿ ಎಂದರೆ ಮಳವಳ್ಳಿ ದಾಟಿ ಇನ್ನೂ ಆಚೆಗೆ. ಹೋಗಲು ಒಂದು ಗಂಟೆಯ ಮೇಲೆ, ಬರಲು ಅಷ್ಟೇ. ಬೇರೆಯವರಿಗೆ ಫೋನು ಹಚ್ಚಿದೆವು. ಒಬ್ಬರು ಬೆಂಗಳೂರಿನಲ್ಲಿದ್ದರು. ಇಬ್ಬರು ಎತ್ತಲಿಲ್ಲ. ಮತ್ತೊಬ್ಬರು ಎತ್ತಿ, ನನ್ನ ದನಿ ಕೇಳಿ ಇಟ್ಟರು.

ಆಗ ಆ ಮನುಷ್ಯ ಬಂದ. ಬಿಳಿ ಅಂಗಿ, ಕೈಯಲ್ಲೊಂದು ಫೈಲು. ಎದುರಿನ ಟೀ ಅಂಗಡಿಯಿಂದ ನಮ್ಮನ್ನೇ ನೋಡುತ್ತಿದ್ದನೆಂದು ಕಾಣುತ್ತದೆ.

"ಏನಮ್ಮ, ಒಂದ್ ಸಹಿ ಕಮ್ಮಿ ಆಗದಂತೆ? ನಾನ್ ಆಕ್ತೀನಿ ಬನ್ನಿ. ನಂದು ಇಲ್ಲೇ ವೋಟು," ಎಂದು ಗುರುತಿನ ಚೀಟಿ ತೆಗೆದೇಬಿಟ್ಟ.

ಅಜ್ಜಿಯ ಸಾಲನ್ನು ಹೊಡೆದು, ಪಕ್ಕದಲ್ಲಿ ಈತನ ಹೆಸರು ಬರೆದು, ತಿದ್ದುಪಡಿಗೆ ಸಹಿ ಮಾಡಿಸಿದರೆ ಹತ್ತು ನಿಮಿಷದ ಕೆಲಸ. ನನ್ನ ಕೈ ಆಗಲೇ ಪೆನ್ನಿಗೆ ಹೋಗಿತ್ತು. ಪಟ್ಟಿಯಲ್ಲಿ ಅವನ ಹೆಸರೂ ಸಿಕ್ಕಿತು. ಎಲ್ಲ ಸರಿಯಿತ್ತು. ಮಂತ್ರಿಯಮ್ಮ ಅವನನ್ನೇ ನೋಡುತ್ತಿದ್ದರು.

"ನಿಮ್ಗೆ ನಾನೇನಾರ ಮಾಡ್ಕೊಟ್ಟಿದ್ನಾ?" ಎಂದು ಕೇಳಿದರು.

"ಇಲ್ಲಮ್ಮ, ಅಭಿಮಾನ."

"ಬೈದಿದ್ನಾ?"

"ಇಲ್ಲ, ಇಲ್ಲ."

"ಸಂತೋಸ ಕಣಪ್ಪ. ಓಗ್ಬನ್ನಿ," ಎಂದು ಕೈ ಮುಗಿದರು. ಅವನು ಆಚೆ ಹೋದ ಮೇಲೆ ನನ್ನ ಕಡೆ ತಿರುಗಿ, "ಸಹಿ ಕಮ್ಮಿ ಅಂತ ಇವ್ನಿಗೆ ಎಂಗ್ ಗೊತ್ತಾಯ್ತು? ನಾಳೆ ಪರಿಶೀಲನೇಲಿ ನಿಂತ್ಕೊಂಡು ಈ ಸಹಿ ನಂದಲ್ಲ ಅಂದ್ರೆ? ಆಗ ಒಂಬತ್ತೇ ತಾನೆ? ಪೂರಿಗಾಲಿಗೆ ಓಗಿ. ನಂಗೆ ಬೈಯ್ಯೋಳೇ ಬೇಕು. ಎದ್ರುಗೆ ಬೈಯ್ಯೋರು ನಾಳೆ ಸುಳ್ಳು ಏಳಲ್ಲ," ಎಂದರು.

ಅವರು ಕಚೇರಿಯೊಳಗೆ ಕಾಗದದೊಂದಿಗೆ ಉಳಿಯಬೇಕಿತ್ತು. ನಾದಿನಿಯೂ ವಕೀಲರೂ ಅವರ ಜೊತೆ. ಡ್ರೈವರೂ ನಾನೂ ಹೊರಟೆವು. ತಪ್ಪು ನನ್ನದಾದ್ದರಿಂದ ನಾನೇ ಹೋಗುವುದು ಸರಿಯೆನಿಸಿತು.

ಮಳವಳ್ಳಿಯ ಹತ್ತಿರ ಚುನಾವಣೆಯ ಚೆಕ್‌ಪೋಸ್ಟಿನಲ್ಲಿ ಕಾರು ನಿಲ್ಲಿಸಿದರು. ಡಿಕ್ಕಿ ತೆಗೆಸಿದರೆ ಒಳಗೆ ಎರಡು ಚೀಲದ ತುಂಬ ಶಾಲುಗಳು. ಮಂತ್ರಿಯಮ್ಮನಿಗೆ ಸನ್ಮಾನಗಳಲ್ಲಿ ಹೊದಿಸಿದ್ದವು. ತೆಗೆದಿಡಲು ಯಾರಿಗೂ ನೆನಪಾಗಿರಲಿಲ್ಲ.

"ಮತದಾರರಿಗೆ ಹಂಚೋಕಾ?" ಎಂದರು ಅಲ್ಲಿದ್ದ ಅಧಿಕಾರಿ.

"ಹಳೇ ಶಾಲು ಸಾರ್. ನೋಡಿ, ಬೇರೆ ಬೇರೆ ಸಂಘದ ಹೆಸರು ಇದೆ, ಅರಿಶಿನ ಕುಂಕುಮದ ಕಲೆ ಇದೆ."

"ಮಹಜರು ಬರೀಬೇಕಾಗುತ್ತೆ. ಕೂತ್ಕೊಳಿ."

ಒಂದೊಂದೇ ಶಾಲು ಎಣಿಸಿ ಮಹಜರು ಬರೆಯುವುದೆಂದರೆ ಅರ್ಧ ಗಂಟೆ. ಗಡಿಯಾರದಲ್ಲಿ ಹನ್ನೆರಡೂ ನಲವತ್ತು. ನನ್ನ ನಿವೃತ್ತಿಯ ಗುರುತಿನ ಚೀಟಿ ತೋರಿಸಿದೆ, ಕಾರಣ ಹೇಳಿದೆ. ಎರಡೂ ಚೀಲಗಳನ್ನು ಇಲ್ಲೇ ಇಟ್ಟುಕೊಳ್ಳಿ, ನನ್ನ ಚೀಟಿಯೂ ಇರಲಿ, ನಾಳೆ ಬಂದು ಎಷ್ಟು ಹೊತ್ತು ಬೇಕಾದರೂ ಕೂರುತ್ತೇನೆ ಎಂದೆ. ಆತ ನನ್ನನ್ನೂ ಶಾಲುಗಳನ್ನೂ ಮತ್ತೊಮ್ಮೆ ನೋಡಿ, ಫೋಟೊ ತೆಗೆಸಿಕೊಂಡು, ಒಂದು ರಸೀದಿ ಬರೆದುಕೊಟ್ಟು ಬಿಟ್ಟರು. ಹತ್ತು ನಿಮಿಷ ಹೋಯಿತು.

ಪೂರಿಗಾಲಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಜ್ಜಿ ಹಜಾರದಲ್ಲಿ ಗೋಡೆಗೊರಗಿ ಕೂತಿದ್ದರು. ಪಕ್ಕದಲ್ಲಿ ಮಗಳು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ನಾನು ನಿಂತೇ ವಿಷಯ ಹೇಳಿದೆ.

"ನೆನ್ನೆನೇ ಎಬ್ಬೆಟ್ಟು ಒತ್ತಾಯ್ತಲ್ಲಪ್ಪ. ಎಷ್ಟ್ ಸತಿ ಒತ್ಲಿ?" ಎಂದರು ಅಜ್ಜಿ.

"ಆಫೀಸರ ಎದುರಿಗೇ ಒತ್ತಬೇಕಂತೆ ಅಜ್ಜಿ. ಈಗಲೇ ಹೊರಟರೆ ಮೂರರೊಳಗೆ ಮದ್ದೂರು ಸೇರಬಹುದು. ಸಂಜೆಗೆ ವಾಪಸ್ ಇಲ್ಲಿಗೇ ತಂದು ಬಿಡ್ತೀವಿ."

ಅಜ್ಜಿ ಏಳಲಿಲ್ಲ. "ನೆನ್ನೆ ಆ ಬೀದೀಲಿ ಒಬ್ನೂ ಕೈ ಮುಂದ್ಕೆ ಮಾಡ್ಲಿಲ್ಲ. ನಂಗೆ ರೇಗೋಯ್ತು, ಒತ್ಬುಟ್ಟೆ. ಇಲ್ಲಿಗ್ ಬಂದು ಮಗ್ಳ ಮೊಕ ನೋಡ್ದೇಟ್ಗೆ, ಯಾಕಾರ ಒತ್ತುದ್ನೋ ಅನ್ನುಸ್ತು."

ಮಗಳು ತಲೆಯೆತ್ತಲಿಲ್ಲ. ಅಜ್ಜಿಯೇ ಹೇಳಿದರು. ಮಂತ್ರಿಯಮ್ಮ ಮೊದಲ ಸಲ ತಾಲ್ಲೂಕು ಪಂಚಾಯಿತಿಗೆ ನಿಂತಾಗ ಮನೆಮನೆಗೆ ಕರೆದುಕೊಂಡು ಹೋದವರು ಈ ಅಜ್ಜಿ. ಆಮೇಲೆ ಅವರು ಶಾಸಕಿಯಾದರು, ಮಂತ್ರಿಯಾದರು. ಆಗ ಊರಿನ ಅಂಗನವಾಡಿಗೆ ಸಹಾಯಕಿಯ ಕೆಲಸ ಬಂತು. ಆಗ ಅವ್ವನ ಜೊತೆಗಿದ್ದ ಈ ಮಗಳೂ ಅರ್ಜಿ ಹಾಕಿದ್ದರು. ಮಂತ್ರಿಯ ಒಂದು ಮಾತು ಸಾಕಿತ್ತು. ಆ ಮಾತು ಬರಲಿಲ್ಲ. ಕೆಲಸ ಬೇರೆಯವಳಿಗೆ ಹೋಯಿತು.

"ಅವಳಿಗಾಗಿ ನನ್ ಕಾಲು ಸವೀತು. ನನ್ ಮಗಳಿಗೆ ಒಂದ್ ಮಾತು ಏಳಕ್ಕೆ ಅವಳ ಬಾಯಿ ಸವೀತಿತ್ತಾ?" ಎಂದು ಕೇಳಿದರು ಅಜ್ಜಿ. ಒಂದೂ ಇಪ್ಪತ್ತಾಗಿತ್ತು. ಮಂತ್ರಿಯಮ್ಮನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಅಜ್ಜಿಯ ಮುಂದೆ ಹಿಡಿದೆ.

"ಅವ್ವಾ, ನಾನು ಕಣವ್ವ," ಎಂದಿತು ಆ ಕಡೆಯ ದನಿ.

"ಗೊತ್ತು ಬುಡು. ನನ್ ಮಗ್ಳು ಇಲ್ಲೇ ಕುಂತವ್ಳೆ. ಅವಳ ಕಿವೀಗ್ ಬೀಳೋ ಅಂಗೆ ಏಳು. ಆವತ್ತು ನೀನ್ ಮಾಡಿದ್ದು ತಪ್ಪು ಅಂತ ಒಂದ್ ಮಾತು ಏಳು. ಈಗ್ಲೇ ಎದ್ ಬತ್ತೀನಿ."

ಹೇಳಿಬಿಡಿ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಮಾತು. ಖರ್ಚಿಲ್ಲದ ಮಾತು. ಕಚೇರಿಯ ಆವರಣದ ಗದ್ದಲ ಮಾತ್ರ ಫೋನಿನಲ್ಲಿ ಕೇಳುತ್ತಿತ್ತು.

"ತಪ್ಪಾಯ್ತು ಅಂದ್ಬುಟ್ರೆ ನೀನು ಬತ್ತೀಯ, ಗೊತ್ತು ನಂಗೆ," ಎಂದರು ಮಂತ್ರಿಯಮ್ಮ. "ಆದ್ರೆ ಅದು ತಪ್ಪಲ್ಲ ಕಣವ್ವ. ಪಟ್ಟೀಲಿ ಮೊದಲ್ನೇ ಎಸ್ರು ಗಂಡ ಸತ್ತೋಳ್ದು, ಕೈಗೂಸಿನವಳ್ದು. ಅವಳ್ನ ದಾಟಿ ನಿನ್ ಮಗಳಿಗೆ ಕೊಡ್ಸಿದ್ರೆ ನಾನ್ಯಾಕ್ ಮಂತ್ರಿ ಆಗ್ಬೇಕಾಗಿತ್ತು? ಮೊದ್ಲಿದ್ದ ಗಂಡಸ್ರೇ ಸಾಕಾಗಿತ್ತಲ್ಲ. ಆದ್ರೆ ನಿಮ್ಮಟ್ಟಿಗೆ ಬಂದು, ಇಂಗಿಂಗೆ ಆಯ್ತು ಅಂತ ನಿಮ್ಮಿಬ್ರ ಮುಂದೆ ಏಳ್ಬೇಕಾಗಿತ್ತು. ಎದ್ರುಕೊಂಡು ಬರ್ಲಿಲ್ಲ. ಅದು ತಪ್ಪು. ಕೆಲ್ಸ ಕೊಡುಸ್ದೇ ಓದುದ್ದು ತಪ್ಪಲ್ಲ. ಇವತ್ ಕೇಳುದ್ರೂ ಅಂಗೇ ಮಾಡ್ತೀನಿ. ಬತ್ತೀಯೋ ಬುಡ್ತೀಯೋ ನೀನೇ ನೋಡು."

ನಾಮಪತ್ರದ ಕಥೆ ಮುಗಿಯಿತು ಎಂದುಕೊಂಡೆ. ಇಷ್ಟು ವರ್ಷದ ರಾಜಕೀಯ ಹುಣಸೆಬೀಜದ ರಾಶಿಯ ಪಕ್ಕ ಮುಗಿಯಿತು ಎಂದು. ಫೋನನ್ನು ಜೇಬಿಗೆ ಹಾಕಿಕೊಂಡೆ. ಅಜ್ಜಿ ಬಾಗಿಲಾಚೆ ನೋಡುತ್ತ ಕೂತಿದ್ದರು.

ಎದ್ದವರು ಮಗಳು. ಕೈ ತೊಳೆದುಕೊಂಡು ಒಳಗೆ ಹೋದರು. ಅವ್ವನ ಕೈಚೀಲದಿಂದ ಮತದಾರರ ಗುರುತಿನ ಚೀಟಿ ಹುಡುಕಿ ತಂದರು. ಚಪ್ಪಲಿಗಳನ್ನು ತಂದು ಅವ್ವನ ಕಾಲ ಬಳಿ ಜೋಡಿಸಿಟ್ಟರು.

"ಓಗ್ಬುಟ್ಟು ಬಾವ್ವ," ಎಂದರು. "ಕೆಲ್ಸ ಓಯ್ತು ಅಂತ ನಾನ್ ಅತ್ತಿರ್ಲಿಲ್ಲ. ಯಾಕ್ ಓಯ್ತು ಅಂತ ಯಾರೂ ಏಳ್ಲಿಲ್ವಲ್ಲ, ಅದುಕ್ ಅತ್ತಿದ್ದೆ. ಈಗ್ಲಾರ ಏಳುದ್ರಲ್ಲ."

ಅಜ್ಜಿ ಗೋಡೆ ಹಿಡಿದು ಎದ್ದರು. "ಬಾಯಿ ಮಾತ್ರ ಒಂಚೂರೂ ಬದ್ಲಾಗಿಲ್ಲ ಅವಳ್ದು," ಎಂದು ಗೊಣಗುತ್ತ ಚಪ್ಪಲಿ ಮೆಟ್ಟಿದರು.

ಕಾರಿನಲ್ಲಿ ನಾನು ಎರಡೆರಡು ನಿಮಿಷಕ್ಕೆ ಗಡಿಯಾರ ನೋಡುತ್ತಿದ್ದೆ. ಮಳವಳ್ಳಿ ದಾಟಿದಾಗ ಎರಡು ಗಂಟೆ. ಚೆಕ್‌ಪೋಸ್ಟಿನಲ್ಲಿ ಅದೇ ಅಧಿಕಾರಿ ಹಿಂದಿನ ಸೀಟಿನಲ್ಲಿ ಅಜ್ಜಿಯನ್ನು ಕಂಡು ಕೈಬೀಸಿ ಬಿಟ್ಟರು.

"ನೀನ್ಯಾಕಪ್ಪ ಇಂಗ್ ಬೆವರ್ತಿದ್ದೀಯ?" ಎಂದು ಕೇಳಿದರು ಅಜ್ಜಿ.

"ತಪ್ಪು ನಂದು ಅಜ್ಜಿ. ನಿನ್ನೆಯೇ ನೋಡಬೇಕಾಗಿತ್ತು."

"ನಂಗಂತೂ ಓದಕ್ ಬರಲ್ಲ. ನಿಂಗೆ ಬತ್ತದಲ್ಲ?"

ಡ್ರೈವರು ನಗು ತಡೆದುಕೊಂಡ. ನನಗೆ ನಗಲೂ ಆಗಲಿಲ್ಲ.

ಮದ್ದೂರು ಪೇಟೆಗೆ ಎರಡೂ ನಲವತ್ತಕ್ಕೆ ಬಂದೆವು. ರಸ್ತೆ ತುಂಬ ಮೆರವಣಿಗೆ. ಪಕ್ಷದ ಹೊಸ ಅಭ್ಯರ್ಥಿಯ ಜನ, ತಮಟೆ, ಬಾವುಟ, ಹೂವಿನ ರಾಶಿ. ಅವರ ನಾಮಪತ್ರ ಆಗಲೇ ಒಳಗೆ ಹೋಗಿತ್ತು, ಜನ ಮಾತ್ರ ಕರಗಿರಲಿಲ್ಲ. ಪೊಲೀಸರು ಕಾರನ್ನು ಬ್ಯಾರಿಕೇಡಿನ ಆಚೆಯೇ ನಿಲ್ಲಿಸಿದರು. ಇಳಿದು ನಡೆಯಬೇಕಾಯಿತು. ಅಜ್ಜಿಗೆ ಮಂಡಿನೋವು. ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ನಾನು ಒಂದು ಕೈ ಹಿಡಿದಿದ್ದೆ. ನನ್ನ ಹಿಡಿತ ಬಿಗಿಯಾಗಿತ್ತೇನೋ, "ನಾನೇನ್ ಓಡೋಗಲ್ಲ, ಸಡ್ಲ ಮಾಡು" ಎಂದರು.

ಗುಂಪಿನಲ್ಲಿ ಅವರ ಊರಿನವನೊಬ್ಬ ಗುರುತು ಹಿಡಿದ. ಕೊರಳಲ್ಲಿ ಪಕ್ಷದ ಶಲ್ಯ.

"ಏನಜ್ಜಿ, ನೀನೂ ನಮ್ ಕಡೆ ಬಂದ್ಯಾ?"

"ದಾರಿ ಬುಡ್ಲಾ ಮೊದ್ಲು. ಎಂಗುಸ್ರು ನಡ್ಯೋದು ಕಾಣಲ್ವಾ?"

ಅವನು ಬಿಟ್ಟ. ಅಷ್ಟೇ ಅಲ್ಲ, "ಅಜ್ಜಿ ಬತ್ತಾವ್ಳೆ, ಜಾಗ ಬುಡ್ರಲಾ" ಎಂದು ಮುಂದಿನವರನ್ನೂ ಸರಿಸಿದ. ಯಾರ ನಾಮಪತ್ರಕ್ಕೆ ದಾರಿ ಬಿಡುತ್ತಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲ. ಗೇಟಿನೊಳಗೆ ಕಾಲಿಟ್ಟಾಗ ಎಂಟು ನಿಮಿಷ ಉಳಿದಿತ್ತು.

ಮಂತ್ರಿಯಮ್ಮ ವರಾಂಡದಲ್ಲಿ ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವರು ಅಜ್ಜಿಯ ಇನ್ನೊಂದು ಕೈ ಹಿಡಿದುಕೊಂಡರು.

ಚುನಾವಣಾಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಜ್ಜಿಯನ್ನು ಕುರ್ಚಿಯ ಮೇಲೆ ಕೂರಿಸಿ, ಗುರುತಿನ ಚೀಟಿ ನೋಡಿ, ಪಟ್ಟಿಯಲ್ಲಿ ಹೋಲಿಸಿ, ಕಾಗದವನ್ನು ಅವರ ಮುಂದಿಟ್ಟರು.

"ಅಜ್ಜಿ, ಇದರಲ್ಲಿ ಏನು ಬರೆದಿದೆ ಅಂತ ಗೊತ್ತಾ?"

"ಗೊತ್ತು ಕಣವ್ವ. ಇವಳು ನಿಂತ್ಕೊಳ್ಲಿ ಅಂತ ಅದೆ."

"ಯಾರಾದ್ರೂ ಬಲವಂತ ಮಾಡಿದ್ರಾ?"

"ನಂಗಾ?" ಎಂದರು ಅಜ್ಜಿ. ಆಮೇಲೆ ಅನುಮಾನ ಬಂದವರಂತೆ ಕಾಗದದ ಮೇಲೆ ಬಗ್ಗಿದರು. "ನಿಂತ್ಕೊಳ್ಲಿ ಅಂತ ಮಾತ್ರ ತಾನೆ ಇರೋದು? ವೋಟ್ ಆಕ್ತೀನಿ ಅಂತ ಎಲ್ಲೂ ಬರ್ದಿಲ್ವಲ್ಲ? ಅದುನ್ನ ನಾನಿನ್ನೂ ಯೋಚ್ನೆ ಮಾಡಿಲ್ಲ."

ಅಧಿಕಾರಿ ತುಟಿ ಕಚ್ಚಿಕೊಂಡು, ಇಲ್ಲ ಎಂದು ತಲೆಯಾಡಿಸಿದರು. ಮಂತ್ರಿಯಮ್ಮ ಮುಖ ಆಚೆ ತಿರುಗಿಸಿದರು. ಭುಜ ಅಲುಗುತ್ತಿತ್ತು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ಕಾಣಲಿಲ್ಲ.

ಹೆಬ್ಬೆರಳು ಸವೆದು ಹೋಗಿತ್ತು. ಮೊದಲು ಒಂದು ಚಿಂದಿ ಕಾಗದದ ಮೇಲೆ ಒತ್ತಿಸಿದಾಗ ಬರೀ ಮಸಿಯ ಗುಡ್ಡೆ ಬಂತು. ಸೆರಗಿನಲ್ಲಿ ಒರೆಸಿ, ಮಸಿ ಕಡಿಮೆ ಮಾಡಿ, ನಾಮಪತ್ರದಲ್ಲಿ ಹಳೆಯ ಗುರುತಿನ ಪಕ್ಕ ಒತ್ತಿಸಿದರು. ಈ ಸಲ ಗೆರೆಗಳು ಮೂಡಿದವು. ಅಧಿಕಾರಿ ಅದರ ಪಕ್ಕ 'ನನ್ನ ಸಮಕ್ಷಮ' ಎಂದು ಬರೆದು, ಹೊತ್ತು ನಮೂದಿಸಿ ಸಹಿ ಮಾಡಿದರು. ಆಮೇಲೆ ಮಂತ್ರಿಯಮ್ಮ ನಿಂತು ಪ್ರತಿಜ್ಞೆ ಓದಿದರು. ಮಂತ್ರಿಯಾಗಿ ಪ್ರಮಾಣ ಮಾಡಿದವರಿಗೆ ಇದು ನಾಲ್ಕು ಸಾಲಿನ ಓದು. ಆದರೂ ಎರಡನೆಯ ಸಾಲನ್ನು ಎರಡು ಸಲ ಓದಿದರು.

ಸಂಜೆ ಅಜ್ಜಿಯನ್ನು ಪೂರಿಗಾಲಿಗೆ ಬಿಟ್ಟುಬರಲು ಮಂತ್ರಿಯಮ್ಮನೇ ಕಾರು ಹತ್ತಿದರು. ಅಷ್ಟರಲ್ಲಿ ಗೇಟಿನ ಹೊರಗೆ ಹಾರ ಹಿಡಿದು ಒಂದಷ್ಟು ಜನ ಸೇರಿದ್ದರು. ಕಾಗದ ಒಳಗೆ ಹೋದ ಮೇಲೆ ಧೈರ್ಯ ಬಂದವರು. "ನಾಳೆ ಬನ್ನಿ" ಎಂದು ಅವರಿಗೆ ಹೇಳಿ ಹೊರಟರು. ಪೂರಿಗಾಲಿಯಲ್ಲಿ ಅವರಿಗೆ ಒಂದು ವೋಟೂ ಇಲ್ಲ, ಅದು ಬೇರೆ ಕ್ಷೇತ್ರ. ಅಲ್ಲಿ ಆ ಮಗಳೊಂದಿಗೆ ಏನು ಮಾತಾಡಿದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮರುದಿನ ಪರಿಶೀಲನೆಗೆ ನಾನೂ ವಕೀಲರೂ ಹೋದೆವು. ಮಂತ್ರಿಯಮ್ಮನ ಹೆಸರು ಕರೆದ ಕೂಡಲೇ ಎದುರು ಪಕ್ಷದ ವಕೀಲರು ಎದ್ದರು. ಒಂದೇ ಚೌಕದಲ್ಲಿ ಎರಡು ಹೆಬ್ಬೆಟ್ಟು ಇವೆ, ಯಾವುದು ನಿಜ, ಆದ್ದರಿಂದ ತಿರಸ್ಕರಿಸಬೇಕು ಎಂದು ವಾದ. ಅವರ ಹಿಂದೆ ಬಿಳಿ ಅಂಗಿಯ ಆ ಮನುಷ್ಯ ಅದೇ ಫೈಲು ಹಿಡಿದು ನಿಂತಿದ್ದ. ನನ್ನ ಕಣ್ಣಿಗೆ ಕಣ್ಣು ಸೇರಿಸಲಿಲ್ಲ. ನಿನ್ನೆ ಹನ್ನೆರಡು ಗಂಟೆಗೆ ಇವನ ಹೆಸರು ಬರೆಯಲು ನನ್ನ ಕೈ ಪೆನ್ನಿಗೆ ಹೋಗಿತ್ತಲ್ಲ.

ಅಧಿಕಾರಿ ಕಾಗದ ಎತ್ತಿ ತೋರಿಸಿದರು. "ನನ್ನ ಎದುರಿಗೆ ಒತ್ತಿದ್ದು, ನಾನು ಬರೆದು ಸಹಿ ಮಾಡಿದ್ದು ನಿಜ. ಇನ್ನೊಂದನ್ನು ನಾನು ಲೆಕ್ಕಕ್ಕೆ ತಗೊಂಡಿಲ್ಲ. ಕ್ರಮಬದ್ಧವಾಗಿದೆ. ಅಂಗೀಕರಿಸಿದ್ದೇನೆ." ಮೊಹರು ಬಿತ್ತು.

ಹೊರಗೆ ಬಂದು ಮಂತ್ರಿಯಮ್ಮನಿಗೆ ಫೋನು ಮಾಡಿದೆ. "ಅಂಗೀಕಾರ ಆಯ್ತು," ಎಂದೆ.

"ಸರಿ ಬುಡಿ. ಇನ್ನು ಸೋಲ್ಸೋದಾರೆ ಜನಾನೇ ಸೋಲುಸ್ಲಿ," ಎಂದರು.

ಜನ ಸೋಲಿಸಿದರು. ಎಣಿಕೆಯ ದಿನ ಮಧ್ಯಾಹ್ನದ ಹೊತ್ತಿಗೇ ಗೊತ್ತಾಯಿತು. ಸಂಜೆ ಗುತ್ತಲಿಗೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದೆ. ಬಾಗಿಲು ತೆರೆದೇ ಇತ್ತು. ಮಂತ್ರಿಯಮ್ಮ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದು, ಉಳಿದಿದ್ದ ಪ್ರಚಾರದ ಕರಪತ್ರವೊಂದರ ಬೆನ್ನ ಮೇಲೆ ಏನೋ ಬರೆಯುತ್ತಿದ್ದರು.

"ನಿಧಾನಕ್ ಏಳವ್ವ, ಬರ್ಕೋತಾ ಇವ್ನಿ... ಎಷ್ಟ್ ತಿಂಗ್ಳಿಂದ ಬಂದಿಲ್ಲ?... ಸೋತಿದ್ದು ಗೊತ್ತು ಕಣವ್ವ, ಅದಿರ್ಲಿ. ನಿನ್ ಎಸ್ರೇನು ಏಳು." ನನ್ನನ್ನು ಕಂಡು ಕೈಸನ್ನೆಯಿಂದ ಕೂರಲು ಹೇಳಿ, ಫೋನಿನ ಮೇಲೆ ಅಂಗೈ ಮುಚ್ಚಿದರು. "ಶಿರಸ್ತೇದಾರ್ರೇ, ವಿಧವಾ ಪಿಂಚಣಿ ನಿಂತೋಗದಂತೆ. ಯಾರಿಗ್ ಬರೀಬೇಕು, ತಾಸೀಲ್ದಾರ್ರಿಗಾ?"

"ಮೊದಲು ನಾಡಕಚೇರಿಗೆ," ಎಂದೆ. "ಆಧಾರಿನಲ್ಲೂ ಬ್ಯಾಂಕಿನ ಪಾಸ್‌ಬುಕ್ಕಿನಲ್ಲೂ ಹೆಸರು ಒಂದೇ ಥರ ಇದೆಯಾ ಕೇಳಿ."

ಕೇಳಿದರು. ಒಂದೇ ಥರ ಇರಲಿಲ್ಲ.

ನಾನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಒಂದು ಬಿಳಿ ಹಾಳೆ ಕೊಡಿ ಎಂದೆ.